ಫ್ಯಾಂಟಸಿ ಲೈಫ್ ಐ: ಆಡಿದವರ ಅಭಿಪ್ರಾಯದಲ್ಲಿ ಯಾರ ಮಾತು ನಂಬೋದು?

ಪ್ರಶ್ನೆ: ಸರ್, ಫ್ಯಾಂಟಸಿ ಲೈಫ್ ಐ ಅನ್ನೋ ವಿಡಿಯೋ ಗೇಮ್ ತಗೊಳ್ಳೋಣ ಅಂತ ಒಂದು ತಿಂಗಳಿಂದ ಯೋಚನೆ ಮಾಡ್ತಾ ಇದೀನಿ, ಆದ್ರೆ ಆಡಿದವರ ಅಭಿಪ್ರಾಯ ಓದಿದಷ್ಟೂ ತಲೆ ಕೆಡ್ತಾ ಇದೆ. ಒಬ್ರು ಇನ್ನೂರು ಗಂಟೆ ಆಡಿದೀನಿ, ಇನ್ನೂ ಬಿಡೋಕಾಗ್ತಿಲ್ಲ ಅಂತಾರೆ. ಇನ್ನೊಬ್ರು ಎಂಟು ಗಂಟೆಗೇ ಬೋರು, ಬರೀ ಮರ ಕಡಿಯೋದು ಕಲ್ಲು ಒಡೆಯೋದು, ಮಕ್ಕಳಾಟ ಅಂತಾರೆ. ನಂಗೆ ಸಿಗೋದು ದಿನಾ ರಾತ್ರಿ ಒಂದೇ ಒಂದು ಗಂಟೆ, ತಲೆ ಹಗುರ ಆದ್ರೆ ಸಾಕು. ಹೆಂಡತಿನೂ ಜೊತೆಗೆ ಆಡ್ತೀನಿ ಅಂತಿದಾಳೆ. ಯಾರ ಮಾತು ನಂಬಲಿ?

ಉತ್ತರ: ಇಬ್ಬರ ಮಾತೂ ನಿಜಾನೇ. ಜಾರಿಕೊಳ್ಳೋಕೆ ಹೇಳ್ತಿಲ್ಲ. ಈ ಆಟದ ವಿಷಯದಲ್ಲಿ ಎಂಟು ಗಂಟೆಗೆ ಬಿಟ್ಟವರೂ ಇನ್ನೂರು ಗಂಟೆ ಆಡಿದವರೂ ಮಾತಾಡ್ತಿರೋದು ಒಂದೇ ಆಟದ ಬಗ್ಗೆ ಅಲ್ಲವೇ ಅಲ್ಲ, ಹೆಸರು ಮಾತ್ರ ಒಂದೇ. ಹಾಗಾಗಿ ಯಾರದೇ ಅಭಿಪ್ರಾಯ ಓದುವಾಗ ಚೆನ್ನಾಗಿದೆ ಅಂದ್ರಾ ಚೆನ್ನಾಗಿಲ್ಲ ಅಂದ್ರಾ ಅಂತ ನೋಡೋದು ಆಮೇಲೆ, ಮೊದಲು ಎಷ್ಟನೇ ಗಂಟೆಯಲ್ಲಿ ನಿಂತು ಹೇಳ್ತಿದಾರೆ, ಅಷ್ಟು ಹೊತ್ತು ಆಟದೊಳಗೆ ಏನು ಮಾಡ್ತಿದ್ರು ಅಂತ ನೋಡಿ. ಇವೆರಡು ಗೊತ್ತಾದ್ರೆ ಆ ಮಾತು ನಿಮಗೆ ಒಪ್ಪುತ್ತೋ ಇಲ್ವೋ ಅಂತ ನೀವೇ ಹೇಳಬಹುದು, ನನ್ನ ಹತ್ರ ಬರೋದೇ ಬೇಕಿಲ್ಲ. ಬಂದಿದೀರಿ ಅಂದ್ಮೇಲೆ ಸ್ವಲ್ಪ ಬಿಡಿಸಿ ಹೇಳ್ತೀನಿ.

ಆಟ ಏನು ಅಂತ ನಿಮಗೆ ಅರ್ಧ ಗೊತ್ತಿರುತ್ತೆ. ಲೆವೆಲ್-5 ಅನ್ನೋ ಜಪಾನಿನ ಕಂಪನಿದು, ಪೂರ್ತಿ ಹೆಸರು ಫ್ಯಾಂಟಸಿ ಲೈಫ್ ಐ: ದ ಗರ್ಲ್ ಹೂ ಸ್ಟೀಲ್ಸ್ ಟೈಮ್, ಬಂದಿದ್ದು 2025ರ ಮೇ 21ಕ್ಕೆ. ಇದರ ಅಣ್ಣ, ಅಂದ್ರೆ ಮೊದಲನೇ ಫ್ಯಾಂಟಸಿ ಲೈಫ್, ನಿಂಟೆಂಡೋ 3ಡಿಎಸ್ ಅನ್ನೋ ಕೈಯಲ್ಲಿ ಹಿಡಿದು ಆಡೋ ಮಷೀನಿಗೆ ಜಪಾನಿನಲ್ಲಿ 2012ರ ಡಿಸೆಂಬರಲ್ಲಿ ಬಂದು, ಬೇರೆ ದೇಶಗಳಿಗೆ ಮುಟ್ಟೋ ಹೊತ್ತಿಗೆ 2014 ಆಗಿತ್ತು. ನಡುವೆ 2018ರಲ್ಲಿ ಮೊಬೈಲಿಗೆ ಅಂತ ಒಂದು ಬಂತು, ಅದನ್ನ ಲೆಕ್ಕಕ್ಕೆ ಇಟ್ಟುಕೊಂಡಿರೋರು ಕಡಿಮೆ. ಹೊಸದನ್ನ 2023ರ ಫೆಬ್ರವರಿಯಲ್ಲಿ ಘೋಷಣೆ ಮಾಡಿದ್ರು, ಅದೇ ವರ್ಷ ಬರುತ್ತೆ ಅಂದ್ರು, 2024 ಅಂದ್ರು, ಅಕ್ಟೋಬರ್ 10 ಅಂತ ದಿನಾನೂ ಹೇಳಿದ್ರು, ಅದೂ ಹೋಯ್ತು, ಏಪ್ರಿಲ್ ಅಂದ್ರು, ಕೊನೆಗೆ ಮೇ. ಆ ಮಧ್ಯದಲ್ಲಿ ನಿರ್ಮಾಪಕ ಕೇಜಿ ಇನಾಫುನೆ ಕಂಪನಿ ಬಿಟ್ಟು ಹೋದ್ರು, ಕಂಪನಿಯ ಮುಖ್ಯಸ್ಥ ಅಕಿಹಿರೋ ಹಿನೊ ಅವರೇ ನಿರ್ದೇಶನಕ್ಕೆ ಕೂತ್ರು.

ಈ ಪುರಾಣ ಯಾಕೆ ಹೇಳಿದೆ ಅಂದ್ರೆ, ಬಿಡುಗಡೆಯಾದ ಮೊದಲ ವಾರದ ಅಭಿಪ್ರಾಯಗಳಲ್ಲಿ ಒಂದು ದೊಡ್ಡ ಪಾಲು ಹತ್ತು ವರ್ಷ ಕಾದವರದು. ಅವರಿಗೆ ಆಟ ಬಂತು ಅನ್ನೋದೇ ಹಬ್ಬ, ಇಷ್ಟು ಸಲ ಮುಂದೂಡಿದ್ದನ್ನ ನೋಡಿ ಇದು ಹಳ್ಳ ಹಿಡಿಯುತ್ತೆ ಅಂತ ಅಂದುಕೊಂಡವರೇ ಜಾಸ್ತಿ ಇದ್ರು, ಆಡಿ ನೋಡಿದ್ರೆ ಚೆನ್ನಾಗೇ ಇದೆ, ಆ ಸಮಾಧಾನಾನೂ ಸೇರಿ ಹೊಗಳಿಕೆ ಒಂದು ಸುತ್ತು ದಪ್ಪ ಆಯ್ತು. ತಪ್ಪೇನಿಲ್ಲ, ನಾನೂ ಅವರಲ್ಲೊಬ್ಬ. ಒಂದೆರಡು ತಿಂಗಳೊಳಗೆ ಹತ್ತು ಲಕ್ಷ ಪ್ರತಿ ದಾಟ್ತು, ಅಂದ್ರೆ ಹಳೆಯವರ ನೆನಪಿನ ಮೇಲಷ್ಟೇ ಓಡಿದ ಆಟ ಅಲ್ಲ ಇದು. ಆದ್ರೂ ನೀವು 3ಡಿಎಸ್ ಮುಟ್ಟದವರಾಗಿದ್ರೆ ಆ ಹಬ್ಬ ನಿಮ್ಮದಲ್ಲ, ಅದನ್ನ ಕಳೆದು ಓದಿ.

ಈಗ ಎಂಟು ಗಂಟೆಯವರ ವಿಷಯಕ್ಕೆ ಬರ್ತೀನಿ. ಇದರಲ್ಲಿ ಲೈಫ್ ಅಂದ್ರೆ ಕಸುಬು. ಒಟ್ಟು 14 ಇವೆ, ಹಳೇದರಲ್ಲಿ 12 ಇದ್ದವು, ರೈತ ಮತ್ತೆ ಚಿತ್ರಗಾರ ಹೊಸದಾಗಿ ಸೇರಿದ್ದು. ಹೊಡೆದಾಟದ್ದು ನಾಲ್ಕು, ಗಣಿ, ಮರ, ಮೀನು, ಬೇಸಾಯ ಅಂತ ಕೂಡಿಹಾಕೋ ಕೆಲಸ ನಾಲ್ಕು, ಕಮ್ಮಾರ, ಬಡಗಿ, ದರ್ಜಿ, ಅಡುಗೆ, ರಸವಾದ, ಚಿತ್ರ ಅಂತ ತಯಾರಿಸೋ ಕೆಲಸ ಆರು. ಮೊದಲ ಕೆಲವು ಗಂಟೆ ಆಟ ನಿಮ್ಮ ಕೈ ಹಿಡ್ಕೊಂಡೇ ನಡೆಸುತ್ತೆ, ಇಲ್ಲಿಗೆ ಹೋಗು, ಇವರ ಹತ್ರ ಮಾತಾಡು, ಇದನ್ನ ಒತ್ತು, ಈ ಕಸುಬಿನ ಗುರು ಹೇಳೋದನ್ನ ಕೇಳು, ಹಾಗೆ. ಒಂದೊಂದು ಕಸುಬು ತಗೊಂಡಾಗಲೂ ಒಂದೊಂದು ಪುಟ್ಟ ಪಾಠ. ಎಂಟು ಗಂಟೆಗೆ ಬಿಟ್ಟವರು ಕಂಡಿದ್ದು ಬಹುಪಾಲು ಇದನ್ನೇ, ಇನ್ನೂ ಕಸುಬುಗಳು ಒಂದಕ್ಕೊಂದು ಗಂಟು ಬಿದ್ದಿರಲ್ಲ, ಆಟದೊಳಗಿನ ದೊಡ್ಡ ಭೂಖಂಡ ಸರಿಯಾಗಿ ತೆರೆದುಕೊಂಡಿರಲ್ಲ. ಹಾಗಂತ ಅವರು ದುಡುಕಿದ್ರು ಅಂತ ನಾನು ಹೇಳಲ್ಲ. ಎಂಟು ಗಂಟೆ ಅಂದ್ರೆ ನಿಮ್ಮ ಲೆಕ್ಕದಲ್ಲಿ ಎಂಟು ರಾತ್ರಿ, ಒಂದು ವಾರಕ್ಕಿಂತ ಜಾಸ್ತಿ. ಅಷ್ಟು ದಿನ ಆದ್ಮೇಲೂ ಇನ್ನು ಮುಂದೆ ಚೆನ್ನಾಗಿರುತ್ತೆ ಬನ್ನಿ ಬನ್ನಿ ಅಂತ ಕರೆಯೋ ಆಟದ ಮೇಲೆ ಸಿಟ್ಟು ಬರೋದು ಸಹಜ, ನಿಧಾನಕ್ಕೆ ಶುರುವಾಗುತ್ತೆ ಅನ್ನೋ ದೂರಿಗೆ ನನ್ನ ಪೂರ್ತಿ ಓಟು ಇದೆ.

ಆದ್ರೆ ಗಂಟು ಬಿದ್ದಾಗ ಏನಾಗುತ್ತೆ ಅಂತ ಒಂದು ಸಂಜೆಯ ಲೆಕ್ಕದಲ್ಲಿ ಹೇಳ್ತೀನಿ ಕೇಳಿ. ನಾನು ಆಗ ಗಣಿಕೆಲಸದಲ್ಲಿ ಒಂದು ಮಟ್ಟಕ್ಕೆ ಬಂದಿದ್ದೆ, ಎದುರಿಗೆ ಒಂದು ಅದಿರಿನ ಬಂಡೆ. ಇಲ್ಲಿ ಬಂಡೆಗೂ ಮರಕ್ಕೂ ರಾಕ್ಷಸರಿಗೆ ಇದ್ದಹಾಗೆ ಜೀವದ ಪಟ್ಟಿ ಇರುತ್ತೆ, ಸುಮ್ನೆ ಒಂದೇ ಕಡೆ ಕುಟ್ಟಿದ್ರೆ ಪಟ್ಟಿ ಅಲ್ಲಾಡಲ್ಲ, ಸುತ್ತ ತಿರುಗ್ತಾ ಇಲ್ಲೊಂದು ಅಲ್ಲೊಂದು ಏಟು ಹಾಕಿ ಅದರ ಮೆದು ಜಾಗ ಹುಡುಕ್ಬೇಕು, ಸಿಕ್ತು ಅಂದ್ರೆ ಏಟಿನ ಅಂಕೆ ಒಮ್ಮೆಲೇ ದೊಡ್ಡದಾಗುತ್ತೆ, ಆಮೇಲೆ ಅಲ್ಲೇ ನಿಂತು ಶಕ್ತಿ ಇರೋ ತನಕ ಕುಟ್ಟೋದು. ನನ್ನ ಗುದ್ದಲಿಗೆ ಆ ಬಂಡೆ ಬಗ್ಗಲಿಲ್ಲ. ಸರಿ, ಒಳ್ಳೆ ಗುದ್ದಲಿ ಬೇಕು, ಅದನ್ನ ಮಾಡೋದು ಕಮ್ಮಾರ, ನನ್ನ ಕಮ್ಮಾರಿಕೆ ಇನ್ನೂ ಎಳಸು, ಅದನ್ನ ಮೇಲೆತ್ತೋಕೆ ನಾಲ್ಕು ಕತ್ತಿ ಬಡೀಬೇಕು, ಕತ್ತಿಗೆ ಬೇಕಾದ ಸಾಮಾನಿಗೆ ಒಂದು ರಾಕ್ಷಸನ್ನ ಹೊಡೀಬೇಕು, ಅವನನ್ನ ಹೊಡೆಯೋಕೆ ಹೋದ ದಾರೀಲಿ ಒಂದು ಹೊಸ ಮರ ಕಣ್ಣಿಗೆ ಬಿತ್ತು, ಅದನ್ನ ಕಡಿದ್ರೆ ಬಡಗಿ ಕೆಲಸದ ಒಂದು ಬಾಕಿ ಮುಗಿಯುತ್ತೆ, ಹೀಗೆ ಹೋಗ್ತಾ ಹೋಗ್ತಾ ಮತ್ತೆ ಆ ಬಂಡೆ ಮುಂದೆ ಹೊಸ ಗುದ್ದಲಿ ಹಿಡ್ಕೊಂಡು ನಿಂತಾಗ ಗಡಿಯಾರ ನೋಡಿದ್ರೆ ಒಂದೂವರೆ ಗಂಟೆ ಆಗಿತ್ತು. ಬಂಡೆ ಮೂರೇ ಏಟಿಗೆ ಪುಡಿ ಆಯ್ತು ನೋಡಿ, ಅದೇನು ಖುಷಿ ಅಂತ ಹೇಳೋಕೆ ನನಗೇ ನಾಚಿಕೆ.

ಇನ್ನೂರು ಗಂಟೆಯವರು ಹೊಗಳೋದು ಇದನ್ನ. ಅವರು ಗೇಮ್‌ಪ್ಲೇ ಲೂಪ್ ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತಾರೆ, ಓದಿದವರಿಗೆ ಏನೂ ಗೊತ್ತಾಗಲ್ಲ. ಒಂದು ಕಸುಬಿನ ಬಾಲ ಇನ್ನೊಂದು ಕಸುಬಿನ ಬಾಯಲ್ಲಿ ಇರೋದೇ ಈ ಆಟದ ಜೀವ. ಒಮ್ಮೆ ಒಂದು ಕಸುಬಿನ ಲೈಸೆನ್ಸ್ ತಗೊಂಡ್ರೆ ಬಂಡೆ ಹತ್ರ ಹೋಗಿ ಬಟನ್ ಒತ್ತಿದ್ರೆ ಸಾಕು, ತಾನೇ ಗಣಿಯವನಾಗಿ ಬಟ್ಟೆ ಬದಲಾಯಿಸ್ಕೊಂಡು ನಿಂತುಬಿಡ್ತಾನೆ, ಹಳೇದರಲ್ಲಿ ಕಸುಬು ಬದಲಾಯಿಸೋಕೆ ಗಿಲ್ಡ್ ಅನ್ನೋ ಕಸುಬಿನ ಕಚೇರಿಗೆ ಓಡ್ಬೇಕಿತ್ತು. ಇಷ್ಟು ಸಣ್ಣ ಅನುಕೂಲ ಆಟಾನೇ ಬದಲಾಯಿಸಿಬಿಟ್ಟಿದೆ.

ತಯಾರಿಸೋ ಕೆಲಸದ ಬಗ್ಗೆ ಮಾತ್ರ ಜಗಳ ಜೋರು. ಅದು ಹೇಗೆ ಅಂದ್ರೆ, ಮುಂದೆ ಮೂರು ಜಾಗ ಇರುತ್ತೆ, ಯಾವ ಜಾಗದಲ್ಲಿ ಏನು ಮಾಡ್ಬೇಕು ಅಂತ ಗುರುತು ಬರುತ್ತೆ, ಅಲ್ಲಿಗೆ ಓಡಿ ಹೋಗಿ ಒಂದು ಸಲ ಒತ್ತೋದು, ಅಥವಾ ಒತ್ತಿ ಹಿಡಿಯೋದು, ಅಥವಾ ಪಟಪಟ ಅಂತ ಬಟನ್ ಬಡಿಯೋದು, ಟೈಮ್ ಒಳಗೆ ಮುಗಿಸಿದ್ರೆ ಗುಣಮಟ್ಟ ಮೇಲೆ. ಕತ್ತಿನೂ ಹೀಗೇ, ಕುರ್ಚಿನೂ ಹೀಗೇ, ಮದ್ದೂ ಹೀಗೇ. ಆರು ಕಸುಬಿಗೂ ಒಂದೇ ಆಟ, ವೇಷ ಮಾತ್ರ ಬೇರೆ. ಇದನ್ನ ಇಷ್ಟ ಪಡೋರು ಕೈ ತಾಳಕ್ಕೆ ಬಂದ್ಮೇಲೆ ಮನಸ್ಸು ಎಲ್ಲೋ ಹೋಗಿರುತ್ತೆ, ಅದೇ ಆರಾಮ ಅಂತಾರೆ. ಇಷ್ಟ ಪಡದವರು ನೂರನೇ ಸಲ ಅದೇ ಮೂರು ಜಾಗದ ಮಧ್ಯೆ ಓಡೋದು ಏನು ಆರಾಮ ಅಂತಾರೆ. ನಾನು ಎರಡನೆಯವರ ಕಡೆ ಸ್ವಲ್ಪ ವಾಲ್ತೀನಿ, ಮುಖ್ಯವಾಗಿ ಆ ಪಟಪಟ ಬಡಿಯೋದು, ಹೆಬ್ಬೆರಳು ನೋವು ಇರೋರಿಗೆ ಅದು ಸುಮ್ನೆ ಕಾಟ. ದಿನಕ್ಕೆ ಒಂದು ಗಂಟೆ ಆಡೋರಿಗೆ ಅಷ್ಟು ಗೊತ್ತಾಗಲ್ಲ ಅನ್ನಿ.

ಇಲ್ಲೇ ನಿಮಗೆ ಬೇಕಾದ ಮುಖ್ಯ ವಿಷಯ ಇರೋದು. ಆಟದ ಬಗ್ಗೆ ಬೇಗ ಬರೆಯೋರು ಯಾರು? ಬಿಡುಗಡೆ ದಿನವೇ ತಗೊಂಡು ನಾಲ್ಕೈದು ದಿನ ಊಟ ನಿದ್ದೆ ಬಿಟ್ಟು ಆಡಿದವರು, ಇಲ್ಲಾ ಕೆಲಸದ ಭಾಗವಾಗಿ ಒಂದೇ ವಾರದಲ್ಲಿ ಮುಗಿಸಿ ವಿಮರ್ಶೆ ಕೊಡಬೇಕಾದವರು. ಒಂದೇ ಕೂತಲ್ಲಿ ಎಂಟು ಗಂಟೆ ಮರ ಕಡಿದ್ರೆ ಯಾರಿಗೆ ಬೇಜಾರಾಗಲ್ಲ ಹೇಳಿ? ಅದೇ ಮರವನ್ನ ದಿನಾ ರಾತ್ರಿ ಹತ್ತು ನಿಮಿಷ ಕಡಿಯೋನಿಗೆ ಅದು ಕೈಗೆ ಸಿಕ್ಕ ಜಪಮಾಲೆ ಇದ್ದಹಾಗೆ. ಒಂದೇ ಕೆಲಸವನ್ನ ಮತ್ತೆ ಮತ್ತೆ ಮಾಡಿಸೋ ಆಟಗಳ ವಿಷಯದಲ್ಲಿ ಎಷ್ಟು ಗಂಟೆ ಆಡಿದ್ರು ಅನ್ನೋದರ ಜೊತೆಗೆ ಎಷ್ಟು ದಿನಗಳಲ್ಲಿ ಆಡಿದ್ರು ಅನ್ನೋದೂ ಮುಖ್ಯ, ಅದನ್ನ ಯಾರೂ ಬರೆಯಲ್ಲ, ನಾವೇ ಊಹೆ ಮಾಡ್ಬೇಕು. ಬಿಡುಗಡೆಯಾದ ಐದನೇ ದಿನ ಯಾರಾದ್ರೂ ಅರವತ್ತು ಗಂಟೆ ಆಡಿದೀನಿ, ಒಂದೇ ತರ ಅನ್ಸುತ್ತೆ ಅಂದ್ರೆ ಅವರಿಗೆ ಕೈ ಮುಗಿದು ಮುಂದಕ್ಕೆ ಹೋಗಿ, ನಿಮ್ಮ ರಾತ್ರಿ ಒಂದು ಗಂಟೆಗೂ ಅವರಿಗೂ ಸಂಬಂಧ ಇಲ್ಲ.

ಇನ್ನೂರು ಗಂಟೆಯವರ ಮಾತಲ್ಲೂ ಒಂದು ಮೋಸ ಇದೆ, ಅವರು ಮಾಡಿದ್ದಲ್ಲ, ತಾನಾಗೇ ಆಗೋದು. ಇಷ್ಟ ಆಗದವರು ಅಷ್ಟು ಗಂಟೆ ಉಳಿಯೋದೇ ಇಲ್ಲವಲ್ಲ, ಹಾಗಾಗಿ ಅಷ್ಟು ದೂರ ಬಂದು ಮಾತಾಡೋರೆಲ್ಲ ಹೊಗಳೋರೇ ಆಗಿರ್ತಾರೆ. ಅವರಲ್ಲೂ ಒಂದಷ್ಟು ಜನ ಇನ್ನೂರು ಗಂಟೆ ಆಡಿ ಆಮೇಲೆ ಬೈತಾರೆ, ಇವರನ್ನ ಕಂಡ್ರೆ ಉಳಿದವರು ನಗ್ತಾರೆ, ಇಷ್ಟು ಆಡಿ ಬೈಯೋದೇನು ಅಂತ. ನಾನು ನಗಲ್ಲ. ಅವರು ಬೈಯೋದು ಕೊನೆಯ ಭಾಗವನ್ನ. ಪ್ರತಿ ಕಸುಬಿನಲ್ಲೂ ಮೆಟ್ಟಿಲು ಹತ್ತುತ್ತಾ ಹೋಗಿ ಮಾಸ್ಟರ್, ಹೀರೋ, ಲೆಜೆಂಡ್ ಅಂತ ಮೇಲಕ್ಕೆ ಹೋದಹಾಗೆ ಕೇಳೋ ಸಾಮಾನು ಅಪರೂಪದ್ದಾಗ್ತಾ ಹೋಗುತ್ತೆ, ಟ್ರೆಷರ್ ಗ್ರೋವ್ ಅಂತ ಒಂದು ಜಾಗ ಇದೆ, ಹೋದಾಗಲೆಲ್ಲ ಒಳಗಿನ ನಕ್ಷೆ ಬದಲಾಗಿರುತ್ತೆ, ಅಲ್ಲಿಗೆ ಮತ್ತೆ ಮತ್ತೆ ಹೋಗಿ ಅದೃಷ್ಟ ನೋಡ್ಕೋಬೇಕು, ಅಲ್ಲಿ ಕೋಜಿ, ಅಂದ್ರೆ ಆರಾಮದ ಆಟ ಅನ್ನೋದು ಮುಗಿದು ಅಪ್ಪಟ ಗ್ರೈಂಡ್, ಅಂದ್ರೆ ಒಂದೇ ಕೆಲಸವನ್ನ ಮತ್ತೆ ಮತ್ತೆ ಅರೆಯೋದು ಶುರು ಆಗುತ್ತೆ. ಅದನ್ನ ಇಷ್ಟ ಪಡೋ ಜನಾನೂ ಇದಾರೆ. ನೀವು ಅಲ್ಲಿಗೆ ಮುಟ್ಟೋ ಹೊತ್ತಿಗೆ ನಿಮ್ಮ ಲೆಕ್ಕದಲ್ಲಿ ಮೂರು ನಾಲ್ಕು ತಿಂಗಳು ಆಗಿರುತ್ತೆ, ಅಲ್ಲಿ ಬಿಟ್ರೂ ನಷ್ಟ ಇಲ್ಲ.

ಎಲ್ಲರಿಗಿಂತ ನಂಬಬೇಕಾದವರು ಮಾತಾಡೋದೇ ಇಲ್ಲ. ಮೂವತ್ತು ನಲವತ್ತು ಗಂಟೆ ಆಡಿ, ಕಥೆ ಮುಗಿಸಿ, ಎರಡು ಮೂರು ಕಸುಬು ಬೇಕಾದಷ್ಟು ಬೆಳೆಸಿ, ಚೆನ್ನಾಗಿತ್ತು ಅಂತ ಮುಚ್ಚಿಟ್ಟು ಮಲಗಿದವರು. ಅವರಿಗೆ ಬರೆಯೋಕೆ ಸಿಟ್ಟೂ ಇಲ್ಲ, ಹುಚ್ಚೂ ಇಲ್ಲ. ಎಲ್ಲಾದ್ರೂ ಅಂಥವರ ನಾಲ್ಕು ಸಾಲು ಸಿಕ್ರೆ ಅದನ್ನ ಎರಡು ಸಲ ಓದಿ.

ನಮ್ಮ ಮನೆಯಲ್ಲೇ ಒಂದು ಉದಾಹರಣೆ ಇದೆ. ನನ್ನ ಭಾವಮೈದ ಕಥೆಯ ಹಿಂದೆ ಬಿದ್ದು, ಬೇರೆ ಏನೂ ಮುಟ್ಟದೆ, ಇಪ್ಪತ್ತೆಂಟು ಗಂಟೆಗೆ ಕೊನೆ ಮುಟ್ಟಿಸಿ, ಇಷ್ಟೇನಾ ಅಂದ. ಅಕ್ಕನ ಮಗಳು ಅಷ್ಟೇ ಹೊತ್ತು ಆಡಿದಾಳೆ, ಕಥೆ ಅರ್ಧಾನೂ ದಾಟಿಲ್ಲ, ಊರು ಕಟ್ಟೋ ಜಾಗ ಸಿಕ್ಕಿದ್ದೇ ತಡ ಅಲ್ಲಿ ನೆಲ ಎತ್ತರ ಮಾಡಿ ನೀರು ಹರಿಸಿ ಮನೆ ಸಾಲಾಗಿ ಇಟ್ಟು ಮೂರು ದಿನ ಒಂದು ಬೇಲಿ ಹಿಂದೆ ಮುಂದೆ ಸರಿಸ್ತಾ ಕೂತಿದ್ಲು, ಕತ್ತಿ ಹಿಡಿದಿದ್ದೇ ಕಡಿಮೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಆಟ ಹೇಗಿದೆ ಅಂತ ಕೇಳಿದೆ, ಒಬ್ಬ ಸಾಧಾರಣ ಅಂದ, ಒಬ್ಬಳು ಇದಕ್ಕಿಂತ ಒಳ್ಳೇದು ಆಡೇ ಇಲ್ಲ ಅಂದ್ಲು. ಆಮೇಲೆ ಅವನಿಗೆ ಅವಳ ಊರು ತೋರಿಸಿದ್ರೆ, ಇದೆಲ್ಲ ಈ ಆಟದಲ್ಲಿ ಇದೆಯಾ ಅಂತ ಕೇಳಿದ!

ಕಥೆ ಬಗ್ಗೆ ಹೆಚ್ಚು ಹೇಳಲ್ಲ, ನೀವೇ ನೋಡ್ಬೇಕು. ಡ್ರ್ಯಾಗನ್ ಮೂಳೆ, ಒಂದು ದ್ವೀಪ, ಸಾವಿರ ವರ್ಷ ಹಿಂದಕ್ಕೆ ಹೋಗಿ ಬರೋದು, ಮಾಟಕ್ಕೆ ಸಿಕ್ಕಿ ವಸ್ತುಗಳಾಗಿ ಹೋದ ಜನರನ್ನ ಮತ್ತೆ ಮನುಷ್ಯರನ್ನಾಗಿ ಮಾಡೋದು, ಹಾಗೆ ಬಿಡಿಸಿಕೊಂಡವರು ಜೊತೆಗೆ ಬಂದು ಮರ ಕಡಿಯೋದಕ್ಕೂ ಕತ್ತಿ ಬಡಿಯೋದಕ್ಕೂ ಕೈ ಜೋಡಿಸ್ತಾರೆ. ಮಕ್ಕಳಾಟ ಅನ್ನೋ ಮಾತು ಬರೋದು ಮುಖಗಳ ಚಿತ್ರಣ ಮತ್ತೆ ಮಾತಿನ ಧಾಟಿ ನೋಡಿ. ಧಾಟಿ ಹಗುರಾನೇ, ಗಂಭೀರ ಕಥೆ ಬೇಕು ಅನ್ನೋರು ಬೇರೆ ನೋಡ್ಕೊಳ್ಳೋದು ಒಳ್ಳೇದು. ಸಂಗೀತ ನೊಬುವೊ ಉಯೆಮಾಟ್ಸು ಅವರದು, ಫೈನಲ್ ಫ್ಯಾಂಟಸಿ ಅನ್ನೋ ಹೆಸರಾದ ಆಟದ ಸರಣಿಗೆ ಸಂಗೀತ ಕೊಟ್ಟ ಅದೇ ಉಯೆಮಾಟ್ಸು, ಅದರ ಬಗ್ಗೆ ಯಾರೂ ಜಗಳ ಆಡಿದ್ದು ನಾನು ನೋಡಿಲ್ಲ.

ಜಿನಾರ್ಮೋಸಿಯಾ ಅನ್ನೋ ಭೂಖಂಡದ ಬಗ್ಗೆ ಮಾತ್ರ ಎರಡು ಪಕ್ಷ. ದೊಡ್ಡ ಬಯಲು, ಅಲ್ಲಲ್ಲಿ ಗೋಪುರ, ಗೋಪುರ ಹತ್ತಿದ್ರೆ ಆ ಪ್ರದೇಶದ ನಕ್ಷೆ, ಗುಡಿಗಳಲ್ಲಿ ಒಗಟು, ಪ್ರದೇಶದ ಮಟ್ಟ ಏರಿಸಿದ್ರೆ ಅಲ್ಲಿ ಸಿಗೋ ಸಾಮಾನೂ ಒಳ್ಳೇದು, ಎದುರಾಗೋ ರಾಕ್ಷಸರೂ ಗಟ್ಟಿ. ನಿಂಟೆಂಡೋದ ಜೆಲ್ಡಾ ಆಟ ಆಡಿದವರು ನೋಡಿದ ತಕ್ಷಣ ನಕಲು ಅಂತಾರೆ. ಇರ್ಲಿ ಬಿಡಿ, ಹೋಲಿಕೆ ಇದೆ. ಒಗಟುಗಳು ಒಂದಷ್ಟು ಆದ್ಮೇಲೆ ಮರುಕಳಿಸ್ತವೆ, ಆ ದೂರು ಸರಿ. ಆದ್ರೆ ದಿನಕ್ಕೆ ಒಂದು ಗಂಟೆ ಇರೋನಿಗೆ ಈ ಬಯಲು ಒಳ್ಳೆ ಜೋಡಿ, ಇವತ್ತು ಆ ಗೋಪುರ, ನಾಳೆ ಈ ಕೆರೆಯ ದೊಡ್ಡ ಮೀನು, ಅಷ್ಟೇ ಗುರಿ ಇಟ್ಕೊಂಡು ಹೋಗಿ ಬರಬಹುದು.

ಇದು ಕೋಜಿನಾ ಅಲ್ವಾ ಅನ್ನೋ ವಾದದಲ್ಲಿ ನಾನು ಒಂದು ಕಡೆ ನಿಂತುಕೊಳ್ತೀನಿ. ಹೊಡೆದಾಟ ಇದೆ, ಬಾಸ್ ಅನ್ನೋ ದೊಡ್ಡ ಎದುರಾಳಿ ಇದಾನೆ, ಗ್ರೈಂಡ್ ಇದೆ, ಇದ್ಯಾವ ಕೋಜಿ ಅಂತ ಕೆಲವರು ಕೇಳ್ತಾರೆ. ಅದೇ ಜನ ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಬೇಸಾಯದ ಆಟವನ್ನ ಕೋಜಿಗೆ ಉದಾಹರಣೆ ಅಂತ ಹೇಳ್ತಾರೆ. 2016ರಲ್ಲಿ ಎರಿಕ್ ಬರೋನ್ ಒಬ್ಬರೇ ಕೂತು ಮಾಡಿದ ಆಟ ಅದು, ನನಗೆ ಪ್ರಾಣ, ಆದ್ರೆ ಅಲ್ಲಿ ಒಂದು ದಿನ ಅಂದ್ರೆ ನಮ್ಮ ಲೆಕ್ಕದಲ್ಲಿ ಹದಿನಾಲ್ಕು ನಿಮಿಷದ ಆಸುಪಾಸು, ರಾತ್ರಿ ಎರಡಕ್ಕೆ ಮನೆ ಸೇರದಿದ್ರೆ ಬಿದ್ದುಹೋಗ್ತೀರ, ಒಂದು ಋತುವಿಗೆ 28 ದಿನ, ಆ ಋತುವಿನ ಬೆಳೆ ತಪ್ಪಿದ್ರೆ ಮುಂದಿನ ವರ್ಷ. ನಂಗೆ ಎಷ್ಟೋ ಸಲ ಅದು ಆಫೀಸಿನ ಡೆಡ್‌ಲೈನ್ ತರಾನೇ ಅನ್ಸಿದೆ. ಫ್ಯಾಂಟಸಿ ಲೈಫಲ್ಲಿ ಆ ಗಡಿಯಾರ ಇಲ್ಲ. ಹಗಲು ರಾತ್ರಿ ಆಗುತ್ತೆ, ಆದ್ರೆ ಯಾರೂ ನಿಮ್ಮನ್ನ ಮಲಗು ಅಂತ ಎಳ್ಕೊಂಡು ಹೋಗಲ್ಲ, ಈ ವಾರ ಆಡದೆ ಮುಂದಿನ ವಾರ ಬಂದ್ರೂ ಬಂಡೆ ಅಲ್ಲೇ ಇರುತ್ತೆ. ರಾತ್ರಿ ಒಂದು ಗಂಟೆಯವರಿಗೆ ಇದಕ್ಕಿಂತ ಕೋಜಿ ಏನು ಬೇಕು.

ಹಾಗಂತ ಸ್ಟಾರ್‌ಡ್ಯೂನಲ್ಲಿ ಇರೋದೆಲ್ಲ ಇದರಲ್ಲಿ ಇಲ್ಲ. ಮದುವೆ ಇಲ್ಲ, ಪ್ರೇಮ ಇಲ್ಲ, ಊರಿನ ಜನರ ಜೊತೆ ಒಡನಾಟ ಮೇಲುಮೇಲಕ್ಕೆ. ಜನರ ಒಳಗಿನ ಕಥೆ ಬೇಕು, ಮನಸ್ಸಿಗೆ ಬಂದವರನ್ನ ಮದುವೆ ಆಗ್ಬೇಕು ಅಂತಿದ್ರೆ ಸ್ಟಾರ್‌ಡ್ಯೂ ಇದೆ, ಇಲ್ಲಾ ರೂನ್ ಫ್ಯಾಕ್ಟರಿ ಸರಣಿ ಇದೆ, ಅದರ ಗಾರ್ಡಿಯನ್ಸ್ ಆಫ್ ಅಜುಮಾ 2025ರ ಜೂನಲ್ಲಿ, ಇದು ಬಂದ ಎರಡು ವಾರಕ್ಕೆ ಬಂತು. ಬೇಸಾಯವೇ ಮುಖ್ಯ ಅಂತ ಬಂದವರೂ ಇಲ್ಲಿ ಬೇಸರ ಮಾಡ್ಕೊಂಡಿದಾರೆ, ಇಲ್ಲಿ ರೈತ ಹದಿನಾಲ್ಕರಲ್ಲಿ ಒಬ್ಬ ಅಷ್ಟೇ.

ಈಗ ಹೆಂಡತಿ ಜೊತೆ ಆಡೋ ವಿಷಯ, ಇಲ್ಲಿ ಮಾತ್ರ ನೀವು ಓದಿದ ಬೈಗುಳವನ್ನ ಹಾಗೇ ನಂಬಿ. ಆನ್‌ಲೈನಲ್ಲಿ ನಾಲ್ಕು ಜನ ತನಕ ಸೇರಬಹುದು ಅಂತ ಹಾಕಿರ್ತಾರೆ, ನಿಜ, ಆದ್ರೆ ಕಥೆಯನ್ನ ಒಟ್ಟಿಗೆ ಮುಂದೆ ಸಾಗಿಸೋಕಾಗಲ್ಲ. ಮೊದಲು ಇಬ್ಬರೂ ಬೇರೆ ಬೇರೆ ಒಂದಷ್ಟು ದೂರ ಆಡ್ಬೇಕು, ಆಮೇಲೆ ಸೇರಿ ಆ ಬಯಲಲ್ಲಿ ಅಲೆಯೋದು, ಗ್ರೋವಿಗೆ ಹೋಗೋದು, ದೊಡ್ಡ ಬಂಡೆಗೆ ಇಬ್ಬರೂ ಸೇರಿ ಏಟು ಹಾಕೋದು, ಇಷ್ಟು. ಹಾಗೆ ಆನ್‌ಲೈನಲ್ಲಿ ಸೇರೋಕೆ ಇಬ್ಬರಿಗೂ ಅವರವರ ಮಷೀನು, ಅವರವರ ಕಾಪಿ ಬೇಕು. ಇಬ್ಬರೂ ಕೂತು ಮೊದಲ ದಿನದಿಂದ ಒಂದೇ ಮನೆ, ಒಂದೇ ಹೊಲ ಅಂತ ಆಡೋ ಕನಸು ಇದ್ರೆ ಅದು ಇಲ್ಲಿ ನಡೆಯಲ್ಲ, ಸ್ಟಾರ್‌ಡ್ಯೂನಲ್ಲಿ ನಡೆಯುತ್ತೆ. ಬಿಡುಗಡೆಗೂ ಮುಂಚೆ ಮಲ್ಟಿಪ್ಲೇಯರ್ ಅನ್ನೋ ಪದ ನೋಡಿ ಜೋಡಿಯಾಗಿ ತಗೊಂಡು ಆಮೇಲೆ ಮುಖ ಊದಿಸಿಕೊಂಡವರು ನನಗೆ ಗೊತ್ತಿರೋರಲ್ಲೇ ಇಬ್ಬರು ಇದಾರೆ. ನಿಮ್ಮ ಮನೆಯವರಿಗೆ ಇದನ್ನ ಮೊದಲೇ ಹೇಳಿಬಿಡಿ. ಅಕ್ಕಪಕ್ಕ ಕೂತು ಇಬ್ಬರೂ ತಂತಮ್ಮ ಆಟ ಆಡ್ತಾ, ನಂಗೆ ಬೆಳ್ಳಿ ಸಿಕ್ತು ನಿಂಗೆ ಸಿಕ್ತಾ ಅಂತ ಕೇಳ್ಕೊಳ್ಳೋದು ಸಾಕು ಅನ್ನೋದಾದ್ರೆ ಅದಕ್ಕೆ ಈ ಆಟ ಹೇಳಿ ಮಾಡಿಸಿದಹಾಗಿದೆ.

ಪಿಸಿ ಗೇಮ್ ಮಾರೋ ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ಅಭಿಪ್ರಾಯ ಓದ್ತಿದ್ರೆ ಒಂದೆರಡು ವಿಷಯ. ಪ್ರತಿಯೊಬ್ಬರ ಹೆಸರಿನ ಪಕ್ಕ ಎಷ್ಟು ಗಂಟೆ ಆಡಿದಾರೆ ಅಂತ ಇರುತ್ತೆ, ಬರೆಯೋ ಹೊತ್ತಿಗೆ ಎಷ್ಟಾಗಿತ್ತು ಅಂತಾನೂ ತೋರಿಸುತ್ತೆ, ಎರಡನ್ನೂ ಹೋಲಿಸಿ ನೋಡಿ. ಹದಿನೈದು ಗಂಟೆಗೆ ಬೋರು ಅಂತ ಬರೆದು ಈಗ ನೂರಿಪ್ಪತ್ತು ಗಂಟೆ ಆಗಿದ್ರೆ ಆ ಮನುಷ್ಯ ಬಾಯಲ್ಲಿ ಹೇಳಿದ್ದು ಒಂದು, ಕೈಯಲ್ಲಿ ಮಾಡಿದ್ದು ಇನ್ನೊಂದು. ಮೇಲಿರೋ ವೆರಿ ಪಾಸಿಟಿವ್ ಅನ್ನೋ ಪಟ್ಟಿ ಬರೀ ಹೌದು ಅಲ್ಲ ಅನ್ನೋ ಓಟಿನ ಲೆಕ್ಕ, ಪರ್ವಾಗಿಲ್ಲ ಅಂದವರೂ ಪ್ರಾಣ ಬಿಡ್ತೀನಿ ಅಂದವರೂ ಅಲ್ಲಿ ಒಂದೇ. ಮತ್ತೆ ರಿಫಂಡ್ ಇದೆಯಲ್ಲ ಅಂತ ಧೈರ್ಯ ಮಾಡ್ಬೇಡಿ, ತಗೊಂಡ 14 ದಿನದೊಳಗೆ, ಆಡಿದ್ದು 2 ಗಂಟೆ ದಾಟದೆ ಇದ್ರೆ ವಾಪಸ್ ಕೊಡ್ತಾರೆ ಅನ್ನೋದು ನಿಯಮ, ಈ ಆಟದಲ್ಲಿ ಎರಡು ಗಂಟೆಗೆ ನೀವಿನ್ನೂ ಪಾಠ ಕೇಳ್ತಾ ಇರ್ತೀರ, ಅಷ್ಟರಲ್ಲಿ ಇಷ್ಟ ಆಯ್ತೋ ಇಲ್ವೋ ಅಂತ ದೇವರಿಗೂ ಗೊತ್ತಾಗಲ್ಲ.

ಯಾವ ಮಷೀನಲ್ಲಿ ಆಡಿದಾರೆ ಅಂತಾನೂ ಒಂದು ಕಣ್ಣಿಡಿ. ನಿಂಟೆಂಡೋದ ಹಳೆ ಸ್ವಿಚ್ ಮಷೀನಲ್ಲಿ ಆಡಿದವರು ಚಿತ್ರ ಸ್ವಲ್ಪ ಮಂಕು, ಲೋಡಿಂಗ್ ಜಾಸ್ತಿ ಅಂತ ಹೇಳಿದ್ರೆ ಅದು ಪಿಸಿ ಅಥವಾ ಪ್ಲೇಸ್ಟೇಷನ್ 5 ಇರೋರಿಗೆ ಲೆಕ್ಕಕ್ಕಿಲ್ಲ. ಸ್ವಿಚ್ 2ಕ್ಕೆ ಜೂನ್ 5ರಂದೇ ಬೇರೆ ಆವೃತ್ತಿ ಬಂದಿದೆ.

ಒಟ್ಟಲ್ಲಿ ನೀವು ತಗೊಳ್ಳಿ ಅಂತಾನೇ ನಾನು ಹೇಳೋದು, ನಿಮಗೆ ಮಾತ್ರ ಒಂದು ಕಾಪಿ. ಹತ್ತು ಹನ್ನೆರಡು ರಾತ್ರಿ ಆದ್ಮೇಲೆ ಮನೆಯವರು ನಿಮ್ಮ ಹೆಗಲ ಮೇಲಿಂದ ಇಣುಕಿ ನೋಡ್ತಿದ್ರೆ ಎರಡನೇದು ತನ್ನಿ. ಶುರು ಮಾಡುವಾಗ ಯಾವ ಕಸುಬು ತಗೊಳ್ಳಲಿ ಅಂತ ಎಲ್ಲರೂ ಕೇಳ್ತಾರೆ, ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಕಥೆಯಲ್ಲಿ ಹೊಡೆದಾಟ ತಪ್ಪಲ್ಲ, ಅದಕ್ಕೆ ಪ್ಯಾಲಡಿನ್ ಇಟ್ಕೊಳ್ಳಿ, ಕತ್ತಿ ಗುರಾಣಿ, ತಲೆನೋವಿಲ್ಲ. ಆಟ ಅವಕಾಶ ಕೊಟ್ಟ ತಕ್ಷಣ ಗಣಿ ಮತ್ತೆ ಮರದ ಲೈಸೆನ್ಸ್ ತಗೊಂಡುಬಿಡಿ, ದಾರೀಲಿ ಹೋಗ್ತಾ ಬರ್ತಾ ಕಂಡ ಬಂಡೆ ಮರ ಎಲ್ಲಕ್ಕೂ ನಾಲ್ಕು ಏಟು ಹಾಕಿ ಚೀಲ ತುಂಬಿಸ್ಕೊಳ್ಳಿ, ಕಮ್ಮಾರಿಕೆ ಮೂರನೇದಾಗಿ ಬರ್ಲಿ. ಹದಿನಾಲ್ಕನ್ನೂ ಒಟ್ಟಿಗೆ ತಗೊಂಡು ಒಂದನ್ನೂ ಮೇಲೆತ್ತದೆ ಇಪ್ಪತ್ತನೇ ಗಂಟೆಗೆ ಸುಸ್ತಾಗಿ ಬಿಟ್ಟವರ ದೂರನ್ನೂ ನೀವು ಖಂಡಿತ ಓದಿರ್ತೀರ, ಅದರಲ್ಲಿ ಮೊದಲನೇ ಸಲ ಆಡಿದಾಗಿನ ನಾನೂ ಸೇರಿದೀನಿ.